ಆವಿಗೆಯಲ್ಲಿಟ್ಟ ತೊಗರಿ ಕಟ್ಟಿಗೆ

ನನ್ನ ಪಿಎಚ್‌ಡಿಯ ಮೊದಲ ಮಾದರಿ ನೋಡಿ ನಮ್ಮವ್ವ, "ಯಾರು ಸುಟ್ಟ ರೊಟ್ಟಿ ಇದು?" ಎಂದು ಕೇಳಿದ್ದಳು. ಅಂಗೈಯಗಲದ ಕಪ್ಪು ಹಲಗೆ. ಮೈಕ್ರೋವೇವ್ ಅಲೆ ಬಂದು ಬಡಿದರೆ ಹಿಂದಕ್ಕೆ ಎಸೆಯದೆ, ನುಂಗಿ, ಒಳಗೇ ಶಾಖ ಮಾಡಿಬಿಡಲಿ ಎಂದು ಮಾಡಿದ್ದು. ಇಂಥ ವಸ್ತು ರಡಾರಿನ ಕಣ್ಣು ತಪ್ಪಿಸುವ ವಿಮಾನಕ್ಕೆ ಬೇಕು, ಒಂದು ಯಂತ್ರದ ಅಲೆ ಪಕ್ಕದ ಯಂತ್ರಕ್ಕೆ ಕಾಟ ಕೊಡದಂತೆ ತಡೆಯಲು ಬೇಕು, ಆ್ಯಂಟೆನಾ ಪರೀಕ್ಷಿಸುವ ಕೋಣೆಗೂ ಬೇಕು. ಅಂಥ ಕೋಣೆಯೊಂದನ್ನು ನಾನು ನೋಡಿದ್ದೇನೆ. ಗೋಡೆ ತುಂಬ ಕಪ್ಪು ಗೂಟಗಳು, ಎಲ್ಲ ಪರದೇಶದಿಂದ ತರಿಸಿದ್ದು. ಒಳಗಿರುವುದು ಇಂಗಾಲ. ಇಂಗಾಲಕ್ಕೆ ನಮ್ಮಲ್ಲಿ ಬರವೇ? ನಮ್ಮ ಜಿಲ್ಲೆಯ ಇಂಡಿಯಿಂದ ಮುದ್ದೇಬಿಹಾಳದ ತನಕ, ರಾಶಿ ಮುಗಿದ ಮೇಲೆ ತೊಗರಿ ಕಟ್ಟಿಗೆ ಹೊಲದ ಬದುವಿನಲ್ಲಿ ಬಿದ್ದಿರುತ್ತದೆ.

ಮಾರ್ಗದರ್ಶಕರು ಮೂಗು ಮುರಿದರು. "ಕಟ್ಟಿಗೆ ಸುಡೋದು ಒಲೆ ಕೆಲಸ, ಸಂಶೋಧನೆ ಅಲ್ಲ" ಎಂದರು. ಮುಂದಿನ ಪ್ರಗತಿ ಪರಿಶೀಲನೆ ಸಭೆಯೊಳಗೆ ಫಲಿತಾಂಶ ತೋರಿಸದಿದ್ದರೆ ವಿಷಯವನ್ನೇ ಬದಲಿಸಬೇಕು ಎಂದೂ ಸೇರಿಸಿದರು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಅವರಿಗೆ ಬಾಯಿಪಾಠವಿರಬೇಕು. ಬಾಗೇವಾಡಿಯ ಕಾಲೇಜಿನಲ್ಲಿ ಪಾಠ ಮಾಡಿ, ಸಂಜೆ ಬಸ್ಸು ಹಿಡಿದು ಹೂವಿನ ಹಿಪ್ಪರಗಿಯ ಮನೆಗೆ ಬಂದು, ಮೂರು ವರ್ಷ ಮೈಮುರಿದು ಮಾಡಿದ ಕೆಲಸ ಅದು. ನನಗೆ ಸಿಟ್ಟು ನೆತ್ತಿಗೇರಿತು.

ಆದರೆ ನಿಜ ಹೇಳಬೇಕು, ಮೊದಲ ಹಲಗೆ ಕೈಕೊಟ್ಟಿತ್ತು. ಲೋಹದ ತಗಡಿನ ಮುಂದಿಟ್ಟು ಅಲೆ ಬಿಟ್ಟರೆ ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ ಬಂತು. ಪ್ರಯೋಗಾಲಯದ ಕುಲುಮೆಗೆ ಸರದಿ ಸಿಗದೆ ನಾನು ಕಟ್ಟಿಗೆಯನ್ನು ಅಂಗಳದಲ್ಲಿ, ತಗಡಿನ ಬಕೆಟ್ಟಿನಲ್ಲಿ ಸುಟ್ಟಿದ್ದೆ. ಅವ್ವ ಬಕೆಟ್ಟಿಗೆ ಇಣುಕಿದಳು.

"ಗಾಳಿ ಆಡಿದ್ರ ಬೂದಿನ ಆಗತೈತಿ. ಗಡಗ್ಯಾಗ ಒತ್ತಿ ತುಂಬಿ, ಬಾಯಿ ಮೆತ್ತಿ, ಕುಂಬಾರರ ಆವಿಗ್ಯಾಗ ಇಡು. ಎಮ್ಮೆಸ್ಸಿದಾಗ ಇಷ್ಟೂ ಹೇಳಿಕೊಡಲಿಲ್ಲೇನು?"

ಗಡಿಗೆ ತಂದವಳೂ ಅವಳೇ, ಬಾಯಿ ಮೆತ್ತಿದವಳೂ ಅವಳೇ. ಮಡಕೆಗಳ ಜೊತೆ ಆವಿಗೆಯಲ್ಲಿ ಬೆಂದು ಬಂದ ಗಡಿಗೆಯನ್ನು ಒಡೆದಾಗ ಕಡ್ಡಿಗಳು ಕಡ್ಡಿಗಳಾಗೇ ಇದ್ದವು, ಬೂದಿಯಿಲ್ಲದೆ ಕಪ್ಪಗೆ ಹೊಳೆಯುತ್ತಿದ್ದವು. ಪುಡಿ ಮಾಡಿ, ಅಂಟಿನಲ್ಲಿ ಕಲಸಿ ಹೊಸ ಹಲಗೆ ಎರಕ ಹೊಯ್ದೆ. ಈ ಸಲ ಹಿಂದಿರುಗುವ ಅಲೆಯನ್ನು ತೋರಿಸುವ ಪರದೆಯ ಮೇಲಿನ ಗೆರೆ ಬಾವಿಗೆ ಬಿಟ್ಟ ಕೊಡದಂತೆ ಇಳಿಯಿತು. ಮಾರ್ಗದರ್ಶಕರು ಕೇಬಲ್ ಬದಲಿಸಿ ಮೂರು ಸಲ ಅಳೆಸಿದರು. ಗೆರೆ ಮೇಲೇಳಲಿಲ್ಲ. ವಿಷಯ ಉಳಿಯಿತು.

ಪ್ರಬಂಧ ಬರೆಯುವಾಗ ಮಾರ್ಗದರ್ಶಕರ ಜೊತೆ ಮತ್ತೆ ಜಗಳ. ಮಾಡಿದ ವಿಧಾನ ವಿವರಿಸುವಲ್ಲಿ ನಾನು, ಗಡಿಗೆಯ ಬಾಯಿಯನ್ನು ನನ್ನ ತಾಯಿ ಮಣ್ಣಿನಿಂದ ಮೆತ್ತಿದರು ಎಂದು ಬರೆದಿದ್ದೆ.

"ತಾಯಿ, ಗಡಿಗೆ, ಆವಿಗೆ ಎಲ್ಲ ತೆಗೆಯಿರಿ. ಗಾಳಿಯಿಲ್ಲದ ಕುಲುಮೆ ಅಂತ ಹಾಕಿ. ಆಮೇಲೆ ಸಹಿ ಮಾಡ್ತೀನಿ."

"ಹಂಗ ಬರದ್ರ ಸುಳ್ಳಾಗತೈತ್ರಿ ಸರ್."

"ಪರೀಕ್ಷಕರು ನಗ್ತಾರೆ."

"ನಗಲ್ರಿ. ನಕ್ಕಮ್ಯಾಲ ಅವರೂ ಮಾಡಿ ನೋಡಲ್ರಿ."

ಅವರು ಕಡತವನ್ನು ನನ್ನತ್ತ ಸರಿಸಿದರು. ವಿಧಾನ ಅಂದರೆ ಯಾರು ಓದಿ ಮಾಡಿದರೂ ಅದೇ ಫಲ ಬರಬೇಕು ಎಂದು ನನಗೆ ಕಲಿಸಿದವರು ಅವರೇ.

ಮನೆಗೆ ಬಂದು ಹೇಳಿದೆ. ಅವ್ವ ರೊಟ್ಟಿ ಬಡಿಯುತ್ತಲೇ, "ನನ್ನ ತಗದ್ ಬಿಡು. ಮೊದಲ ಸಹಿ ಆಗ್ಲಿ" ಎಂದಳು. ಅಷ್ಟು ಸಲೀಸಾಗಿ ತನ್ನನ್ನು ಅಳಿಸಿಕೊಂಡಳಲ್ಲ ಎಂದು ನನಗೆ ಬೇಸರವಾಯಿತು. ಹಟಕ್ಕೆ ಇಂಗ್ಲಿಷಿನಲ್ಲಿದ್ದ ಆ ಸಾಲನ್ನು ಕನ್ನಡ ಮಾಡಿ ಅವಳಿಗೆ ಓದಿ ಹೇಳಿದೆ. ರೊಟ್ಟಿ ಬಡಿಯುವ ಕೈ ನಿಂತಿತು.

"ಬರೇ ಮಣ್ಣು ಅಂತ ಬರದೀಯಲ್ಲ? ನಾ ಸಗಣಿ ಕಲಸಿದ್ದೆ. ಬರೇ ಮಣ್ಣಾದ್ರ ಕಾವಿಗೆ ಸೀಳು ಬಿಡತೈತಿ, ಗಾಳಿ ಒಳಗ ಹೋಗತೈತಿ. ನಾಳೆ ಯಾರರೆ ನಿನ್ನ ಪುಸ್ತಕ ನೋಡಿ ಮಾಡಿದ್ರ ಬೂದಿನ ಸಿಗತೈತಿ."

ಮರುದಿನ ಕಡತ ಮತ್ತೆ ಅವರ ಮೇಜಿನ ಮೇಲಿಟ್ಟೆ. ಅವರು ಆ ಪುಟ ತೆರೆದು ಕನ್ನಡಕ ಏರಿಸಿದರು.

"ತೆಗೆಯಿರಿ ಅಂದಿದ್ದೆ. ಇನ್ನೊಂದು ಸಾಲು ಸೇರಿಸಿದ್ದೀರಿ."

"ಹೌದ್ರಿ ಸರ್. ಒಂದು ತಪ್ಪು ಉಳಿದಿತ್ತು. ನಮ್ಮವ್ವ ತಿದ್ದ್ಯಾಳ್ರಿ."

ಸಹಿ ಇನ್ನೂ ಆಗಿಲ್ಲ. ಆ ಎರಡು ಸಾಲು ನಾನೂ ಅಳಿಸಿಲ್ಲ.