ಬಿಸಿ ತಾಗದ ಕಾಲು

ಬೂಟುಗಳ ಬಣ್ಣ ಕಪ್ಪು. ಇವರನ್ನು ಕೇಳಿದರೆ ಕಂದು ಎನ್ನುತ್ತಾರೆ. ದಿನಾ ಬೆಳಿಗ್ಗೆ ಅವನ್ನು ಇವರ ಕಾಲಿಗೆ ಹಾಕಿದವಳು ನಾನು, ಹಾಕಿಸಿಕೊಂಡವರು ಇವರು. ಆದರೂ ಬಣ್ಣ ಒಂದಾಗುತ್ತಿಲ್ಲ. ಹೀಗಿರುವಾಗ ಉಳಿದದ್ದನ್ನೆಲ್ಲ ನಾನು ಸರಿಯಾಗಿ ಹೇಳುತ್ತೇನೆಂದು ಯಾರೂ ನಂಬಬೇಕಿಲ್ಲ.

ಅವನ್ನು ಮಾಡಿಸಿಕೊಟ್ಟವರು ಇಂಗ್ಲೆಂಡಿನ ಡಾಕ್ಟರು. ಸಕ್ಕರೆ ಕಾಯಿಲೆಯಿಂದ ನನ್ನ ಗಂಡನ ಅಂಗಾಲುಗಳಲ್ಲಿ ಸ್ಪರ್ಶ ಸತ್ತುಹೋಗಿತ್ತು. ಮುಳ್ಳು ಚುಚ್ಚಿದರೂ ತಿಳಿಯದು, ಬೆಂಕಿ ಮೆಟ್ಟಿದರೂ ತಿಳಿಯದು. ಬರಿಗಾಲಲ್ಲಿ ಒಂದು ಹೆಜ್ಜೆಯನ್ನೂ ಇಡಬಾರದು, ಮನೆಯೊಳಗೂ ಇಡಬಾರದು ಎಂದು ಡಾಕ್ಟರು ನನ್ನ ಮುಖ ನೋಡಿ ಹೇಳಿದರು. ಇವರ ಮುಖ ನೋಡಿ ಹೇಳಿ ಉಪಯೋಗವಿಲ್ಲವೆಂದು ಅವರಿಗೂ ಗೊತ್ತಾಗಿರಬೇಕು. ಅಲ್ಲಿಯ ಕ್ರೈಸ್ತ ಸಭೆಯವರು ನಮ್ಮನ್ನು ಸೇವೆಗೆ ಕಳಿಸಿದ್ದು ಆ ಒಂದೇ ಷರತ್ತಿನ ಮೇಲೆ. ಕಾಲಿಗೆ ಗಾಯವಾದರೆ ವಾಪಸು.

ಸೇವೆ ಎಲ್ಲಿಗೆ? ನಮ್ಮದೇ ಊರುಗಳಿಗೆ. ಇವರು ಇಳಕಲ್‌ನವರು, ನಾನು ಬಾಗಲಕೋಟೆಯವಳು. ಮದುವೆಯಾದ ಹೊಸದರಲ್ಲಿ ದೇಶ ಬಿಟ್ಟು ಹೋದವರು, ಅಲ್ಲಿ ಕಾರ್ಖಾನೆ, ಮಕ್ಕಳು, ನಿವೃತ್ತಿ ಎಲ್ಲ ಮುಗಿಸಿ, ಪರದೇಶದ ಪಾಸ್‌ಪೋರ್ಟು ಹಿಡಿದ ಮಿಶನರಿಗಳಾಗಿ ಬಂದಿಳಿದೆವು. ತೊಂಬತ್ತರ ದಶಕ ಮುಗಿಯುತ್ತಿತ್ತು. ಹಳೆ ಬಾಗಲಕೋಟೆಯ ಮಂದಿ ಅಣೆಕಟ್ಟಿನ ಹಿನ್ನೀರಿಗೆ ಅಂಜಿ ನವನಗರಕ್ಕೆ ಬಾಗಿಲು, ಕಿಟಕಿಗಳನ್ನು ಕೂಡ ಕಿತ್ತು ಸಾಗಿಸುತ್ತಿದ್ದರು. ನಮಗೂ ನವನಗರದಲ್ಲೇ ಬಾಡಿಗೆ ಮನೆ ಸಿಕ್ಕಿತು.

ಕೆಲಸವೆಂದರೆ ಭೇಟಿ. ಬಾದಾಮಿ, ಹುನಗುಂದ, ಇಳಕಲ್, ಎಲ್ಲ ಕಡೆ ಒಂದಿಷ್ಟು ಕ್ರೈಸ್ತರ ಮನೆಗಳು. ಹೋಗುವುದು, ಕೂರುವುದು, ಹಾಸಿಗೆ ಹಿಡಿದವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವುದು, ಚಹಾ ಕುಡಿಯುವುದು, ಬಸ್ಸಿಗೆ ಓಡುವುದು. ಕುಳಗೇರಿ ಕ್ರಾಸಿನಲ್ಲಿ ಬಸ್ಸು ಕಾದದ್ದೇ ನಮ್ಮ ಸೇವೆಯ ದೊಡ್ಡ ಪಾಲು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಬೋಧನೆ, ದೀಕ್ಷಾಸ್ನಾನಗಳನ್ನೆಲ್ಲ ಊರಿನ ಪಾದ್ರಿಯವರೇ ನೋಡಿಕೊಳ್ಳುತ್ತಿದ್ದರು. ನಾವು ಬರದಿದ್ದರೆ ಏನೂ ನಿಲ್ಲುತ್ತಿರಲಿಲ್ಲ.

ಮೊದಲ ಮನೆಯ ಹೊಸ್ತಿಲಲ್ಲೇ ಇವರು ಬಗ್ಗಿ ಬೂಟಿನ ಪಟ್ಟಿ ಬಿಚ್ಚತೊಡಗಿದರು.

"ಅಲ್ರಿ, ಡಾಕ್ಟರು ಏನ್ ಹೇಳ್ಯಾರ?"

"ಆ ಡಾಕ್ಟರಿಗೆ ನಮ್ಮ ಮನಿ ಅಂದ್ರ ಏನಂತ ಗೊತ್ತೈತೇನು?"

"ಹಿಂದಿನ ದೊರಿಗೋಳು ಬೂಟು ಹಾಕ್ಕೊಂಡ ಒಳಗ ಬರ್ತಿದ್ದಿಲ್ಲೇನು? ಯಾರರ ಏನರ ಅಂದ್ರೇನು?"

"ಅವ್ರು ದೊರಿಗೋಳು. ನಾ ಏನ್ ದೊರಿನ?"

ಕೊನೆಗೆ ಒಂದರ ಮೇಲೊಂದು ಎರಡು ಜೋಡಿ ದಪ್ಪ ಕಾಲುಚೀಲ ಹಾಕಿಕೊಳ್ಳುವುದೆಂದು ಒಪ್ಪಂದವಾಯಿತು. ಮನೆಗೆ ಬಂದ ಮೇಲೆ ನಾನು ಅಂಗಾಲು ನೋಡುತ್ತಿದ್ದೆ. ಜಾಲಿ ಮುಳ್ಳು, ಹುಣಸೆ ಬೀಜದ ಚೂರು, ಒಮ್ಮೆ ಯಾರದೋ ಬಳೆಯ ಒಡಕು. ಇವರು ಆ ಹೊತ್ತಿನಲ್ಲಿ ಬೈಬಲ್ ಓದುತ್ತಿದ್ದರು, ಕಾಲು ಬೇರೆ ಯಾರದೋ ಎಂಬಂತೆ.

ಇಳಕಲ್‌ನಲ್ಲಿ ಒಂದು ಮನೆಗೆ ನಾವು ಸೇವೆಯ ಲೆಕ್ಕದಲ್ಲಿ ಹೋಗುವಂತಿರಲಿಲ್ಲ. ಅದು ಇವರ ತೀರಿಹೋದ ಚಿಕ್ಕಪ್ಪನ ಮನೆ, ನೇಕಾರರ ಮನೆತನ. ಇವರ ತಂದೆ ಹರೆಯದಲ್ಲಿ ಕ್ರೈಸ್ತರಾದಾಗ ಜಗಳವೇನೂ ಆಗಲಿಲ್ಲವಂತೆ. ಆದರೆ ಅಂದಿನಿಂದ ತಂದೆ ಮಗ ಬಂದರೆ ಬೀದಿಯ ಕಟ್ಟೆಯ ಮೇಲೆ ಕೂರಿಸಿ ಅಲ್ಲಿಗೇ ಊಟ ತಂದುಕೊಡುತ್ತಿದ್ದರು. ಊಟ ಧಾರಾಳವಾಗಿತ್ತು ಎಂದು ಇವರು ಯಾವಾಗಲೂ ಸೇರಿಸಿ ಹೇಳುತ್ತಾರೆ. ಒಳಗಿನಿಂದ ಮಗ್ಗದ ಸಪ್ಪಳ ಕೇಳುತ್ತಿತ್ತು. ಬಾಗಿಲಿನಾಚೆ ಏನಿದೆ ಎಂಬುದನ್ನು ಇವರು ಅರವತ್ತು ದಾಟಿದರೂ ಕಂಡಿರಲಿಲ್ಲ.

ನಾವು ಬಂದ ಸುದ್ದಿ ಕೇಳಿ ಚಿಕ್ಕವ್ವ ಹೇಳಿಕಳಿಸಿದಳು. ಬೇಸಿಗೆಯ ಮಟಮಟ ಮಧ್ಯಾಹ್ನ. ಇವರು ರೂಢಿಯಂತೆ ಕಟ್ಟೆಯ ಮೇಲೆ ಕುಳಿತರು. ಎಂಬತ್ತರ ಮುದುಕಿ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಲೇ, ಅಲ್ಯಾಕ ಕುಂತಿ? ಒಳಗ ಬಾ."

ಇವರು ಏಳಲಿಲ್ಲ. ಕೇಳಿಸಲಿಲ್ಲವೆಂದು ಅವಳು ತಿಳಿದಳು.

"ಬ್ಯಾಡ ಅನ್ನೋರೆಲ್ಲಾ ಹೋದ್ರು. ನಾ ಇನ್ನ ಯಾರಿಗೆ ಅಂಜ್ಲಿ? ಬಾ ಅಂದ್ನೆಲ್ಲ."

ಬೂಟು ಬಿಚ್ಚಿದ್ದು ನಾನೇ. ಸೊಸೆ ಕಾಲಿಗೆ ನೀರಿನ ತಂಬಿಗೆ ತಂದಿಟ್ಟಳು. ಮುದುಕಿ ಬಗ್ಗಿ ನೋಡಿದಳು.

"ಕಾಲಿಗೆ ಅದೇನಪಾ ಚೀಲಾ? ನನ್ನ ಮನಿ ನೆಲ ಅಷ್ಟು ಹೊಲಸ ಐತೇನು?"

ತಮಾಷೆಗೆ ಅಂದದ್ದು. ಇವರು ನಾಲ್ಕೂ ಚೀಲ ಕಿತ್ತೆಸೆದು, ಕಾಲು ತೊಳೆದು, ಬರಿಗಾಲಲ್ಲಿ ಒಳಗೆ ಹೋದರು.

ಪಡಸಾಲೆಯಲ್ಲಿ ನೆಲದ ಗುಂಡಿಗಿಳಿಸಿದ ಕುಣಿಮಗ್ಗ, ಅದರಾಚೆ ಬಯಲು ಅಂಗಳ, ಕಲ್ಲು ಹಾಸಿದ್ದು, ಅಂಗಳದಾಚೆ ಅಡುಗೆಮನೆ. ಕಲ್ಲು ಕೆಂಪಗಿತ್ತೆಂದು ಬರೆಯಲು ಕೈ ಹೋಗುತ್ತಿದೆ. ಇಳಕಲ್ ಕಲ್ಲೆಂದರೆ ಕೆಂಪು ಎಂದು ಬರೆಯುವ ಚಟ ಇದು, ನೆನಪಲ್ಲ. ಬಿಸಿಲು ಕಲ್ಲಿನ ಮೇಲೆ ನೇರ ಬಿದ್ದಿತ್ತು, ಅಷ್ಟು ಖರೆ. ಸೊಸೆ ತಟ್ಟೆ ಹಿಡಿದು ತುದಿಗಾಲಲ್ಲಿ ಜಿಗಿದು ದಾಟಿದಳು. ನಾನೂ ಜಿಗಿದೆ. ಮುದುಕಿ ಗೋಡೆಯ ನೆರಳು ಹಿಡಿದು ಬಂದಳು. ಇವರು ಮಾತ್ರ ಅಂಗಳದ ನಡುವೆ ನಿಧಾನ ನಡೆದರು. ತುಳಸಿಕಟ್ಟೆ, ಒಣಹಾಕಿದ ಬಣ್ಣದ ನೂಲು, ಮಾಡಿನ ತೊಲೆ, ಒಂದೊಂದನ್ನೂ ನಿಂತು ನೋಡಿದರು.

"ಲಗೂ ಬರ್ರಿ, ಕಾಲು ಸುಡ್ತಾವು!" ಎಂದು ನಾನು ಕೂಗಿದೆ.

"ನನಗೇನೂ ಆಗಂಗಿಲ್ಲ."

ಮುದುಕಿ ಹಿಗ್ಗಿದಳು. "ನೋಡ್ರಿ ಅವನ್ನ! ಎಲ್ಲಿಗಿ ಹೋದ್ರೂ ಕಾಲು ನಮ್ಮ ಮನಿತನದ ಕಾಲ. ಹೆಂಡ್ತಿ ನೋಡು, ಹ್ಯಾಂಗ ಕುಣಿತಾಳ!"

ಎಲ್ಲರೂ ನಕ್ಕರು. ಇವರ ಮುಖದಲ್ಲಿ ಆ ಹೊತ್ತು ಇದ್ದದ್ದನ್ನು ನಾನು ಮದುವೆಯ ದಿನವೂ ಕಂಡಿರಲಿಲ್ಲ. ಇದು ಬಣ್ಣ ಹಚ್ಚಿದ ಮಾತೇ ಎಂದು ಮತ್ತೆ ಮತ್ತೆ ಪರೀಕ್ಷಿಸಿದ್ದೇನೆ. ಅಲ್ಲ ಎಂದೇ ಕಾಣುತ್ತದೆ. ಊಟ ಮುಗಿಸಿ ಎದ್ದಾಗ ನೆಲದ ಮೇಲೆ ಒದ್ದೆ ಹೆಜ್ಜೆಗಳಿದ್ದವು. ಕಾಲು ತೊಳೆದ ನೀರು ಅಂದುಕೊಂಡೆ. ಅಷ್ಟು ಹೊತ್ತು ನೀರು ಉಳಿಯುತ್ತದೆಯೇ?

ಹೊರಡುವಾಗ ಇವರೇ ಏರಿಸಿಕೊಂಡಿದ್ದ ಚೀಲಗಳನ್ನು ಸಂಜೆ ನವನಗರದಲ್ಲಿ ನಾನು ಕಳಚಿದಾಗ ಎರಡೂ ಅಂಗಾಲುಗಳ ಚರ್ಮ ಬೊಬ್ಬೆಯೆದ್ದು ಜೋಲುತ್ತಿತ್ತು.

ದವಾಖಾನೆಯಲ್ಲಿ ಬಲಗಾಲಿನ ಕಿರುಬೆರಳು ಹೋಯಿತು. ಪಾದ ಉಳಿಯುವುದೋ ಇಲ್ಲವೋ ಮಳೆಗಾಲದವರೆಗೆ ಹೇಳಲಾಗದು ಎಂದರು ಡಾಕ್ಟರು. ಇಂಗ್ಲೆಂಡಿನಿಂದ ಫೋನು ಬಂತು: ಮಾಯದಿದ್ದರೆ ಟಿಕೆಟು ಕಳಿಸುತ್ತೇವೆ. ಆ ಬೇಸಿಗೆಯ ಬಗ್ಗೆ ನನಗೆ ನೆನಪಿರುವುದು ದಣಿವೊಂದೇ. ಕರೆಂಟು ಹೋದಾಗ ಬೀಸಣಿಗೆ, ಬಂದಾಗ ಡ್ರೆಸಿಂಗು. ನಾವು ಭೇಟಿ ಕೊಡುತ್ತಿದ್ದವರೆಲ್ಲ ಈಗ ನಮ್ಮನ್ನು ಭೇಟಿಯಾಗಲು ಅಮೀನಗಡದ ಕರದಂಟು ಕಟ್ಟಿಸಿಕೊಂಡು ಬರುತ್ತಿದ್ದರು. ಸಕ್ಕರೆ ಕಾಯಿಲೆಯವರಿಗೆ ಕರದಂಟು! ಅದರಲ್ಲಿ ಬೆಲ್ಲ, ಸಕ್ಕರೆ ಅಲ್ಲ ಎಂದು ಒಬ್ಬರು ಸಮಾಧಾನ ಹೇಳಿದರು.

"ಚಿಕ್ಕವ್ವಗ ಹೇಳಬ್ಯಾಡ," ಇವರು ಅಂದರು. "ಹೇಳಿದ್ರ ಮತ್ತ ಒಳಗ ಕರಿಯಂಗಿಲ್ಲ."

ನಾನು ಹೇಳಲೇಬೇಕಾಯಿತು. ಸಿಟ್ಟಾಗಿ ಬರುತ್ತಿಲ್ಲವೇನು ಎಂದು ಅವಳು ಎರಡು ಸಲ ಕೇಳಿಕಳಿಸಿದ್ದಳು. ಇವರಿಗೆ ತಿಳಿಸದೆ ಇಳಕಲ್‌ಗೆ ಹೋಗಿ ಅವಳ ಎದುರು ಕುಳಿತು ಹೇಳಿದೆ. ಇವರಿಗೆ ಕಾಲಿನಲ್ಲಿ ಏನೂ ತಿಳಿಯುವುದಿಲ್ಲ, ಅಂದು ಸುಟ್ಟದ್ದೂ ತಿಳಿಯಲಿಲ್ಲ ಎಂದೆ.

"ನಾ ಅದಕ್ಕ ಹಿಗ್ಗಿದ್ನೆಲ್ಲಾ," ಎಂದಳು ಮುದುಕಿ. ಆಮೇಲೆ ಸಿಟ್ಟು ಬಂತು. "ಖೋಡಿ! ಬಾಯಿ ಇದ್ದಿಲ್ಲೇನು ಅವಗ? ನಿನಗರ ಇದ್ದಿಲ್ಲೇನವಾ?"

"ನಾ ಒದರಿದ್ನೆಲ್ರಿ ಅತ್ತಿ. ನೀವು ನಕ್ಕ್ರಿ."

"ನಕ್ಕೆ ಖರೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವಗ ಹೇಳು. ಬೂಟು ಹಾಕ್ಕೊಂಡ ಒಳಗ ಬಾ ಅಂತ ಹೇಳು. ನಾ ಹೇಳೇನಂತ ಹೇಳು."

ಆ ಮನೆಯ ಅಡುಗೆಮನೆಯವರೆಗೆ ಬೂಟು! ವಾಪಸು ಬಸ್ಸಿನಲ್ಲಿ ನಾನು ಎಷ್ಟೋ ವಾರಗಳಾದ ಮೇಲೆ ಕಣ್ತುಂಬ ನಿದ್ದೆ ಮಾಡಿದೆ. ಎಲ್ಲ ಬಗೆಹರಿಯಿತು ಅಂದುಕೊಂಡಿದ್ದೆ.

ಇವರು ಸಿಟ್ಟಾಗಲಿಲ್ಲ. ಎಲ್ಲ ಕೇಳಿ, ಗೋಡೆಯ ಕಡೆ ಹೊರಳಿ ಮಲಗಿದರು.

"ಬೂಟಿನ್ಯಾಗ ಹೋದ್ರ ನಾ ದೊರಿ ಆಕ್ಕೇನಿ. ಅದಕ್ಕಿಂತ ಹೋಗದಿರೋದ ಪಾಡ."

ಮಳೆ ಹಿಡಿಯಿತು. ಗಾಯ ಮಾಯಿತು, ಡಾಕ್ಟರಿಗೇ ಆಶ್ಚರ್ಯವಾಗುವಷ್ಟು. ಟಿಕೆಟು ಬರಲಿಲ್ಲ. ಉಳಿದ ಅವಧಿ ಮುಗಿಸಬಹುದು ಎಂದರು ಸಭೆಯವರು. ಪ್ರಾರ್ಥನೆಯ ಫಲ ಎಂದು ಎಲ್ಲರೂ ಅಂದರು, ನಾನೂ ಅಂದೆ. ಒಳಗೆ ನನಗೆ ಬೇಕಾಗಿದ್ದು ಟಿಕೆಟೋ, ಗಾಯ ಮಾಯುವುದೋ, ಈಗಲೂ ಖಾತ್ರಿಯಿಲ್ಲ.

ಒಂದು ದಿನ ಇವರೇ ಇಳಕಲ್‌ಗೆ ಹೊರಡೋಣ ಎಂದರು. ಬೂಟು ಹಾಕಿಸಿಕೊಂಡರು. ಚಿಕ್ಕವ್ವನ ಮನೆಯ ಮುಂದೆ ನಿಂತು, ಒಂದು ಸಲ ಬಾಗಿಲ ಕಡೆ ನೋಡಿ, ಕಟ್ಟೆಯ ಮೇಲೆ ಕುಳಿತುಬಿಟ್ಟರು.

"ಒಳಗ ಬಾರಪಾ," ಒಳಗಿನಿಂದ ದನಿ ಬಂತು.

"ಇಲ್ಲೇ ಚೊಲೋ ಐತಿ, ಚಿಕ್ಕವ್ವ."

"ಬೂಟು ಹಾಕ್ಕೊಂಡ ಬಾ ಅಂತ ಹೇಳಿಕಳಿಸಿದ್ನೆಲ್ಲ."

"ಒಲ್ಲೆ."

"ಹಂಗಾರ ಬಿಚ್ಚಿ ಬಾ."

"ಇಕಿ ಬಿಡಂಗಿಲ್ಲ."

"ಆಕಿ ಬಿಡದಿದ್ದದ್ದ ಚೊಲೋ ಆತು. ಮೊಂಡ! ನಿಮ್ಮಪ್ಪನೂ ಹಿಂಗ."

ಮಗ್ಗದ ಸಪ್ಪಳ ನಿಂತಿತು. ಮುದುಕಿ ಗೋಡೆ ಹಿಡಿದು, ಮೆಟ್ಟಿಲಿಳಿದು, ಹೊರಗೆ ಬಂದಳು. ಆ ಮನೆಯ ಹೆಂಗಸರು ಬೀದಿಯ ಕಟ್ಟೆಗೆ ಕೂತವರಲ್ಲ. ಎದುರು ಮನೆಯವರು ಕಿಟಕಿಗೆ ಬಂದರು. ಅವಳು ಇವರ ತೋಳು ಹಿಡಿದು ಮೆಲ್ಲಗೆ ಪಕ್ಕದಲ್ಲೇ ಕುಳಿತಳು.

"ಏನ್ ನೋಡ್ತೀರಿ?" ಎಂದು ಕಿಟಕಿಗೆ ಕೂಗಿದಳು. "ನನ್ನ ಮಗ ಬಂದಾನ."

ಸೊಸೆ ತಟ್ಟೆಗಳನ್ನು ಹಿಡಿದು ಬಾಗಿಲಲ್ಲಿ ನಿಂತಳು, ಎಲ್ಲಿಡಬೇಕೆಂದು ತಿಳಿಯದೆ. ಎರಡೂ ಇಲ್ಲೇ ತಾ ಎಂದಳು ಮುದುಕಿ. ನನ್ನನ್ನು ಮಾತ್ರ ಒಳಗೆ ಕಳಿಸಿದಳು, ಕಟ್ಟೆಯ ಮೇಲೆ ಮೂವರಿಗೆ ಜಾಗವಿಲ್ಲವೆಂದು. ನಾನು ಚಪ್ಪಲಿ ಬಿಟ್ಟು ಹೋದೆ. ಅಡುಗೆಮನೆಯಲ್ಲಿ ಗೋಡೆಗೊರಗಿ ಕುಳಿತಾಗ ಬೆನ್ನು ಸೋತು ಹೋಯಿತು; ಅಲ್ಲೇ ಮಲಗಿಬಿಡಬೇಕೆನ್ನಿಸಿತು. ಹೊರಗೆ ಅವರಿಬ್ಬರೂ ಜೋರಾಗಿ ಏನೋ ವಾದ ಹೂಡಿದ್ದರು. ಸತ್ತ ಎತ್ತೊಂದರ ಬಣ್ಣದ ಬಗ್ಗೆಯೋ, ಯಾರದೋ ಮದುವೆಯ ಊಟದ ಬಗ್ಗೆಯೋ.

"ಸುಳ್ಳ ಹೇಳಬ್ಯಾಡ, ನೀ ಆಗ ಹುಟ್ಟೇ ಇದ್ದಿಲ್ಲ," ಎಂದಳು ಮುದುಕಿ. ಆಮೇಲೆ ಒಳಗೆ ಕೂಗಿದಳು, "ಏ ತಂಗಿ, ಇವಗ ಇನ್ನೊಂದು ರೊಟ್ಟಿ ತಾರವಾ."