ಹತ್ತು ವ್ಯಾಟ್ ಈರಪ್ಪ

ದೊಡ್ಡೀರಪ್ಪ ತೀರಿಕೊಂಡು ಐದು ತಿಂಗಳಾಯಿತು. ಚಳ್ಳಕೆರೆಯ ಆರ್ಕೆಸ್ಟ್ರಾದವರು ಈಗಲೂ ಅವನನ್ನು ನೆನೆಯುವುದು ‘ಹತ್ತು ವ್ಯಾಟ್ ಈರಪ್ಪ’ ಎಂದೇ. ಆ ಹೆಸರಿಟ್ಟವನು ಪಾಲಣ್ಣ. ಹೇಳಿ ನಗುವವರಿಗೆ ಅದರ ಕತೆ ಅರ್ಧ ಮಾತ್ರ ಗೊತ್ತು.

ಉಳ್ಳಾರ್ತಿ ಕಾವಲಿನ ಅಂಚಿನ ಹಟ್ಟಿಯೊಂದರಲ್ಲಿ ಹುಟ್ಟಿದ ಈರಪ್ಪ ಹದಿನೇಳು ವರ್ಷದವರೆಗೆ ಕುರಿ ಕಾದ. ಆಮೇಲೆ ತಾಯಿ ಜುಂಜಮ್ಮನ ಜೊತೆ ಚಳ್ಳಕೆರೆಗೆ ಬಂದು ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಚೀಲ ಹೊತ್ತ. ಸಂಜೆ ಹೊತ್ತು ಪಾಲಣ್ಣನ ಮೈಕ್‌ಸೆಟ್ ಅಂಗಡಿಯಲ್ಲಿ ಹಾರ್ನ್ ಹೊರುತ್ತಿದ್ದ. ಪಾಲಣ್ಣನದೊಂದು ಆರ್ಕೆಸ್ಟ್ರಾವೂ ಇತ್ತು. ಅದರ ಗಿಟಾರಿನವನು ಕೈಕೊಟ್ಟು ಹೋದಾಗ ಈರಪ್ಪನಿಗೆ ತಂತಿ ಹಿಡಿಯುವ ನಾಲ್ಕು ಪಟ್ಟು ಕಲಿಸಿ ವೇದಿಕೆ ಹತ್ತಿಸಿದವನು ಪಾಲಣ್ಣನೇ. ಮುಂದಿನ ಹನ್ನೆರಡು ವರ್ಷ ಆ ಉಪಕಾರವನ್ನು ಪಾಲಣ್ಣ ನಾಲ್ಕು ಜನರ ಮುಂದೆ ಎತ್ತಿ ಆಡದ ವಾರವಿರಲಿಲ್ಲ.

ತೊಂಬತ್ತೊಂಬತ್ತರಲ್ಲಿ ಪಾಲಣ್ಣ ಒಂದು ಕ್ಯಾಸೆಟ್ ತಂದ. ಅದರಲ್ಲಿದ್ದ ಎಂಟು ಧಾಟಿಗಳಲ್ಲಿ ಐದು ಈರಪ್ಪ ಕಟ್ಟಿದವು, ಕುರಿ ಹಿಂದೆ ನಡೆಯುತ್ತ ಬಾಯಲ್ಲಿ ಮೂಡಿದವು. ಹೊದಿಕೆಯ ಮೇಲೆ ಪಾಲಣ್ಣನ ಫೋಟೊ, ಪಾಲಣ್ಣನ ಹೆಸರು. ತನ್ನ ಹೆಸರೆಲ್ಲಿ ಎಂದು ಈರಪ್ಪ ಕೇಳಿದ.

“ಉಣ್ಣೆ ಯಾವ ಕುರೀದು ಅಂತ ಕಂಬಳಿ ಕೊಳ್ಳೋರು ಯಾರೂ ಕೇಳಲ್ಲ ಕಣಲೇ” ಎಂದ ಪಾಲಣ್ಣ.

ಈರಪ್ಪ ಅವತ್ತೇ ಆರ್ಕೆಸ್ಟ್ರಾ ಬಿಟ್ಟ. ತನ್ನ ಧಾಟಿಗಳನ್ನು ತನ್ನ ಮನೆಯಲ್ಲೇ ಬಾರಿಸಿ, ತನ್ನ ಹೆಸರಿನ ಕ್ಯಾಸೆಟ್ ಮಾಡುವುದೊಂದೇ ಆಮೇಲೆ ಅವನ ತಲೆಯಲ್ಲಿದ್ದದ್ದು. ಎಲೆಕ್ಟ್ರಿಕ್ ಗಿಟಾರ್ ಅವನದೇ ಇತ್ತು. ಟೇಪ್ ರೆಕಾರ್ಡರು, ಮೈಕು ಹೇಗೋ ಹೊಂದಿಸಿಕೊಂಡ. ಗಿಟಾರಿನ ದನಿ ಹೊರಡಿಸುವ ಆಂಪ್ಲಿಫೈಯರ್ ಮಾತ್ರ ಇಲ್ಲ.

ಮೈಕ್‌ಸೆಟ್ಟಿನವರ ಲೋಕದಲ್ಲಿ ಯಂತ್ರಕ್ಕೆ ಒಂದೇ ಪರೀಕ್ಷೆ. ಬಸ್ ಸ್ಟ್ಯಾಂಡಿನಲ್ಲಿ ಹಚ್ಚಿದರೆ ಮಾರ್ಕೆಟ್ ಯಾರ್ಡಿಗೆ ಕೇಳಬೇಕು. ಎಷ್ಟು ಎಕರೆ ಜಮೀನು ಎಂದು ಕೇಳಿದಂತೆ ಎಷ್ಟು ವ್ಯಾಟ್ ಎಂದು ಕೇಳುತ್ತಿದ್ದರು. ಮಗಳ ಮದುವೆಗೆ ಕಡಿಮೆ ವ್ಯಾಟಿನ ಸೆಟ್ಟು ಕಟ್ಟಿಸಿದವನನ್ನು ಬೀಗರು ವರ್ಷಗಟ್ಟಲೆ ಹಂಗಿಸಿದ್ದುಂಟು. ಈರಪ್ಪ ಆ ಲೋಕದಲ್ಲೇ ಬೆಳೆದವನು.

ತನ್ನ ವೈರು ತರಲು ಅಂಗಡಿಗೆ ಹೋದ ದಿನ ಪಾಲಣ್ಣ ಅವನನ್ನು ತಡೆದು ನಿಲ್ಲಿಸಿದ. ಡ್ರಮ್ಮಿನವನು, ಕೀಬೋರ್ಡಿನವನು, ಶಾಮಿಯಾನದ ಆಳುಗಳು ಎಲ್ಲ ಇದ್ದರು.

“ಮನೇಲಿ ರೆಕಾರ್ಡಿಂಗ್ ಮಾಡ್ತೀಯಂತೆ? ನಿಂಗೆ ಹತ್ತು ವ್ಯಾಟ್ ಸಾಕು ಬಿಡು. ಅದಕ್ಕಿಂತ ಜಾಸ್ತಿ ತಡಕಳ್ಳೋ ಮನೇನೂ ಅಲ್ಲ, ಮನುಷ್ಯಾನೂ ಅಲ್ಲ.” ಕಟ್ಟೆಯ ಕೆಳಗಿದ್ದ ಹಳೆಯ ಪುಟ್ಟ ಪೆಟ್ಟಿಗೆಯನ್ನು ಕಾಲಿನಿಂದ ಮುಂದೆ ತಳ್ಳಿದ. ಅದು ಅಂಗಡಿಯಲ್ಲಿ ತಂತಿ ಶ್ರುತಿ ಮಾಡಿಕೊಳ್ಳಲು ಇಟ್ಟಿದ್ದ ಆಂಪ್ಲಿಫೈಯರ್. ಎಲ್ಲರೂ ನಕ್ಕರು.

ಈರಪ್ಪ ಹಟ್ಟಿಗೆ ಹೋಗಿ ತನ್ನ ಪಾಲಿನ ಕುರಿ ಮಾರಿದ. ದಾವಣಗೆರೆಗೆ ಹೋಗಿ ನೂರು ವ್ಯಾಟಿನದೇ ಬೇಕೆಂದು ಕೇಳಿ ತಂದ. ಎಲ್ಲಿ ಬಾರಿಸುತ್ತೀಯ ಎಂದು ಅಂಗಡಿಯವನು ಕೇಳುತ್ತಿರುವಾಗಲೇ ದುಡ್ಡು ಎಣಿಸಿಟ್ಟಿದ್ದ. ಆಟೊದಿಂದ ಅದನ್ನು ಇಬ್ಬರು ಇಳಿಸುವುದನ್ನು ಜುಂಜಮ್ಮ ಬಾಗಿಲಲ್ಲೇ ನಿಂತು ನೋಡಿದಳು.

“ಕುರಿ ಮಾರಿ ಗುಡುಗು ತಂದ್ಯಾ? ಮಳೆ ಯಾವಾಗ ಬರ್ತೈತೆ?”

ಮಿಲ್ಲಿನ ಹಿಂದಿನ ಅವರ ಮನೆಗೆ ತಗಡಿನ ಮಾಡು. ಗುಂಡಿಯನ್ನು ಚೂರು ತಿರುಗಿಸಿದರೆ ಗಿಟಾರಿನ ದನಿ ಬಾವಿಯೊಳಗೆ ಸಿಕ್ಕಿಕೊಂಡಂತೆ ಮಂಕಾಗಿ, ಅದರ ಮೇಲೆ ಯಂತ್ರದ ಗುಂಯ್ ಸದ್ದು ಕೇಳುತ್ತಿತ್ತು. ಇನ್ನಷ್ಟು ತಿರುಗಿಸಿದರೆ ದನಿ ಬಿಚ್ಚಿಕೊಳ್ಳುವ ಮೊದಲೇ ತಗಡುಗಳು ಗಡಗಡ ಎನ್ನುತ್ತಿದ್ದವು. ಗೋಡೆಗೆಲ್ಲ ಕಂಬಳಿ ತೂಗುಹಾಕಿದ. ಸೂರಿನಡಿ ಖಾಲಿ ಗೋಣಿಚೀಲ ಬಿಗಿದ. ಟೇಪಿನಲ್ಲಿ ತಗಡಿನ ಸದ್ದು ಹೋಗಲಿಲ್ಲ. ಪಕ್ಕದ ಮನೆಯ ದುರುಗಕ್ಕ ಮೊದಲು ಗೋಡೆ ಗುದ್ದಿದಳು, ಆಮೇಲೆ ಬೀದಿಗೆ ಬಂದು ಬೈದಳು. ಎರಡು ತಿಂಗಳು ಹೀಗೇ ಕಳೆಯಿತು. ಬಯಲಲ್ಲಿ ಸಾವಿರ ಜನಕ್ಕೆ ಕೇಳಿಸಲೆಂದು ಮಾಡಿದ ಯಂತ್ರ ಅದು. ಹತ್ತಡಿ ಕೋಣೆಯಲ್ಲಿ ಅದಕ್ಕೆ ಬಾಯಿ ಬಿಡಲು ಜಾಗವಿರಲಿಲ್ಲ.

ಆಗ ಅವನಿಗೆ ಅರ್ಥವಾಯಿತು, ಪಾಲಣ್ಣ ಉಗಿದಂತೆ ಆಡಿದ ಮಾತು ಸುಳ್ಳಾಗಿರಲಿಲ್ಲ. ಚಿಕ್ಕ ಪೆಟ್ಟಿಗೆಯ ಗುಂಡಿಯನ್ನು ಅರ್ಧ ತಿರುಗಿಸಿದರೂ ಅದರ ದನಿ ತುಂಬಿ ಬರುತ್ತದೆ, ತಗಡು ಮಾತ್ರ ಮಿಸುಕುವುದಿಲ್ಲ. ಮೂವತ್ತು ವರ್ಷ ಯಂತ್ರ ಹೊತ್ತು ತಿರುಗಿದ ಪಾಲಣ್ಣನಿಗೆ ಅದು ಗೊತ್ತಿಲ್ಲದೆ ಇರಲಿಲ್ಲ. ಗೊತ್ತಿದ್ದದ್ದನ್ನು, ಈರಪ್ಪ ತೆಗೆದುಕೊಳ್ಳಲಾಗದ ಹಾಗೆ ಕೊಟ್ಟಿದ್ದ. ಇವನೂ ಕೊಟ್ಟವನ ಮುಖ ನೋಡಿ ಒದ್ದುಬಂದಿದ್ದ.

ನೂರು ವ್ಯಾಟಿನದನ್ನು ದಾವಣಗೆರೆಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಗಣಪತಿ ಹಬ್ಬ ಹತ್ತಿರವಾಗಿತ್ತು, ಪಾಲಣ್ಣನಿಗೆ ದೊಡ್ಡ ಯಂತ್ರ ಬೇಕಿತ್ತು. ಈರಪ್ಪ ಅದನ್ನು ತಳ್ಳುಗಾಡಿಯ ಮೇಲೆ ಹಾಕಿಕೊಂಡು ಅಂಗಡಿಗೆ ಹೋಗಿ, ಇದನ್ನಿಟ್ಟುಕೊಂಡು ಆ ಚಿಕ್ಕದನ್ನು ಕೊಡು ಎಂದ. ಪಾಲಣ್ಣ ಅವಸರ ಮಾಡಲಿಲ್ಲ. ಆರ್ಕೆಸ್ಟ್ರಾದವರನ್ನೆಲ್ಲ ಒಳಗಿನಿಂದ ಕರೆಸಿದ.

“ಹೇಳು ಈಗ. ಇವ್ರಿಗೂ ಕೇಳಂಗೆ ಹೇಳು.”

“ನಂಗೆ ಹತ್ತು ವ್ಯಾಟ್ ಸಾಕು.”

“ಯಾರು ಹೇಳಿದ್ರು ನಿಂಗೆ?”

“ನೀನೇ. ನೀನು ಹೇಳಿದ್ದು ನಿಜ. ಅದೊಂದು ಬಿಟ್ರೆ ಇನ್ನೇನೂ ನಿಜ ಹೇಳಿಲ್ಲ.”

ಯಾರೂ ನಗಲಿಲ್ಲ. ಈರಪ್ಪ ಪೆಟ್ಟಿಗೆಯನ್ನು ಬಗಲಿಗಿಟ್ಟುಕೊಂಡು ಬಂದ. ಪಾಲಣ್ಣ ಇಟ್ಟ ‘ಹತ್ತು ವ್ಯಾಟ್’ ಹೆಸರು ಅವನಿಗಿಂತ ಮೊದಲೇ ಬೀದಿ ತಲುಪಿತ್ತು.

ಅಮಾವಾಸ್ಯೆಗೆ ಮಿಲ್ಲು ನಿಲ್ಲುತ್ತಿತ್ತು. ಅಂಥ ಮೂರು ಅಮಾವಾಸ್ಯೆ ಕಂಬಳಿಗಳ ನಡುವೆ ಕೂತು ಒಂಬತ್ತು ಧಾಟಿ ತುಂಬಿಸಿದ. ಐದು ಹಳೆಯವು, ನಾಲ್ಕು ಹೊಸವು. ಟೇಪಿನಲ್ಲಿ ಬೆರಳು ತಂತಿಯ ಮೇಲೆ ಜಾರುವ ಸದ್ದೂ ಕೇಳುತ್ತದೆ. ಹೊದಿಕೆಯ ಮೇಲೆ ಫೋಟೊ ಇಲ್ಲ, ‘ಗಿಟಾರ್: ದೊಡ್ಡೀರಪ್ಪ’ ಎಂದಷ್ಟೇ ಅಚ್ಚಾಗಿದೆ. ಹೆಚ್ಚೇನೂ ಮಾರಾಟವಾಗಲಿಲ್ಲ.

ಪಾಲಣ್ಣ ಒಂದು ಕೊಂಡು ಅಂಗಡಿಯ ಮುಂದೆ ಹಾರ್ನಿನಲ್ಲಿ ಹಚ್ಚಿ, ನಮ್ಮ ಹುಡುಗ ಬಾರಿಸಿದ್ದು ಎಂದು ಬಂದವರಿಗೆಲ್ಲ ಹೇಳತೊಡಗಿದ. ಈರಪ್ಪ ಚೀಲ ಹೊರುತ್ತಿದ್ದ ಮಿಲ್ಲಿನಿಂದ ಮೈತುಂಬ ಧೂಳಿದ್ದಂತೆಯೇ ಹೋಗಿ, ಕ್ಯಾಸೆಟ್ ಕಿತ್ತು, ಅದರ ಬೆಲೆಯನ್ನು ಕಟ್ಟೆಯ ಮೇಲಿಟ್ಟು ಬಂದ. ಆಮೇಲಿನ ಎಂಟು ವರ್ಷ ಇಬ್ಬರೂ ಮಾತಾಡಲಿಲ್ಲ.

ಕಾಮಾಲೆ ಈರಪ್ಪನನ್ನು ಹದಿನೆಂಟು ದಿನದಲ್ಲಿ ಮುಗಿಸಿತು. ಹೆಣ ಎತ್ತುವ ಹೊತ್ತಿಗೆ ಪಾಲಣ್ಣ ಬಂದು, ಮೈಕ್‌ಸೆಟ್ ಕಳಿಸುತ್ತೇನೆ, ಅವನ ಕ್ಯಾಸೆಟ್ಟೇ ಹಚ್ಚೋಣ, ಊರಿಗೆಲ್ಲ ಕೇಳಲಿ ಎಂದ. ಪಾಲಣ್ಣನ ಕಣ್ಣು ಒದ್ದೆಯಾಗಿತ್ತು, ಅದು ಸುಳ್ಳಲ್ಲ. ಜುಂಜಮ್ಮ ಮಗನ ತಲೆಯ ಹತ್ತಿರ ಕೂತಿದ್ದವಳು ಏಳಲಿಲ್ಲ.

“ಬ್ಯಾಡ” ಎಂದಳು. “ಅವನು ಮನೆಯೊಳಗೆ ಬಾರಿಸಿದ್ದು.”

ಕೂರು ಎಂದೂ ಅವಳು ಹೇಳಲಿಲ್ಲ. ಪಾಲಣ್ಣ ಸ್ವಲ್ಪ ಹೊತ್ತು ಬೀದಿಯಲ್ಲಿ ನಿಂತಿದ್ದು ಹೋದ.