ಸೋಫಾದ ಮುಂದೆ ಕೂರಬೇಕಿದ್ದ ನಾಯಿ

ನಾನು ನಿಂತಿದ್ದು ಭಾಲ್ಕಿಯ ನಮ್ಮ ಮನೆಯ ಹಿತ್ತಿಲ ಬಾಗಿಲಲ್ಲಿ, ಬಲಗೈಯಲ್ಲಿ ಚೌಕಟ್ಟು ಹಿಡಿದುಕೊಂಡು. ತೊಗರಿ ಹೂ ಬಿಟ್ಟ ದಿನಗಳು, ಮಧ್ಯಾಹ್ನದ ಊಟಕ್ಕೆ ಇನ್ನೂ ಎಲೆ ಹಾಕಿರಲಿಲ್ಲ. ಇಷ್ಟು ಖಚಿತವಾಗಿ ಹೇಳಲು ಕಾರಣವಿದೆ. ಇವತ್ತಿಗೂ ಎಲ್ಲಾದರೂ ಫರಸಿ ಕಲ್ಲಿನ ನೆಲದ ಮೇಲೆ ಸರಪಳಿ ಎಳೆದ ಸದ್ದು ಕೇಳಿದರೆ ನನ್ನ ಮನಸ್ಸು ಆ ಬಾಗಿಲಿಗೇ ಹೋಗಿ ನಿಲ್ಲುತ್ತದೆ.

ಆ ಸರಪಳಿ ಮೋತಿಯದು. ಅಪ್ಪನ ತಮ್ಮ ಶಿವರಾಜ ಕಾಕಾ ಬೀದರಿನ ಯಾವುದೋ ಸಾಹೇಬರ ಬಂಗಲೆಯಲ್ಲಿ ಉದ್ದ ಕಿವಿಯ ಸ್ಪ್ಯಾನಿಯಲ್ ನಾಯಿಯನ್ನು ಕಂಡು, ಹೈದರಾಬಾದಿನಿಂದ ಅಂಥದ್ದನ್ನೇ ತಂದಿದ್ದ. ಇದು ಬೇಟೆಗಾರರ ಜೊತೆ ದಿನವಿಡೀ ಹೊಲ ಜಾಲಾಡುವ ತಳಿ ಎಂದು ಮಾರಿದವನು ಹೇಳಿಯೇ ಕೊಟ್ಟಿದ್ದನಂತೆ. ಕಾಕಾ ನಾಯಿಯ ಕಿವಿಗಳನ್ನು ನೋಡಿದ, ತನ್ನವನ್ನು ಬಳಸಲಿಲ್ಲ. ಅದರ ಕಿವಿಗೆ ಕೊಬ್ಬರಿ ಎಣ್ಣೆ ಹಚ್ಚಿ, ಬಾಚಿ, ಹೊಸ ಸೋಫಾದ ಕಾಲಿಗೆ ಕಟ್ಟಿದ. ಮೋತಿ ಸರಪಳಿ ಬಿಟ್ಟಷ್ಟು ದೂರ ಓಡುತ್ತಿತ್ತು, ತಿರುಗುತ್ತಿತ್ತು, ಮತ್ತೆ ಓಡುತ್ತಿತ್ತು. ಫರಸಿಯ ಮೇಲೆ ಅರ್ಧಚಂದ್ರದ ಗೀರು ಮೂಡಿತು. ಪಡಸಾಲೆಯ ವಿಭೂತಿ, ಊದುಬತ್ತಿಯ ವಾಸನೆಯೊಳಗೆ ಆ ಎಣ್ಣೆ ಹಚ್ಚಿದ ರೋಮದ ಬೆಚ್ಚನೆಯ ವಾಸನೆಯೂ ಸೇರಿಕೊಂಡಿತು.

"ಅದರ ಕಾಲು ಸುಮ್ನಿರಲ್ವೋ ಶಿವರಾಜ, ಹಲಬರ್ಗಾದ ನಮ್ಮ ಹೊಲಕ್ಕ ಒಯ್ದು ಬಿಡು," ಎಂದಳು ನಮ್ಮ ಅಜ್ಜಿ. ನಾವು ಅವಳನ್ನು ಆಯಿ ಎನ್ನುತ್ತಿದ್ದೆವು.

"ಹೊಲ ತಿರಗ್ಲಿಕ್ಕ ತಂದೀನೇನವ್ವಾ? ಸೋಫಾದ ಮುಂದ ಕೂಡ್ಲಿಕ್ಕ ತಂದೀನಿ."

"ಕೂಡ್ಲಿಕ್ಕ ನೀ ಇದ್ದೀ ಅಲ್ಲಾ. ಮತ್ತೊಂದು ಯಾಕ ಬೇಕಿತ್ತು?"

ಆ ದಿನ ಕಾಕಾನಿಗೆ ಹೆಣ್ಣು ಕೊಡುವವರು ಔರಾದಿನಿಂದ ಬಂದಿದ್ದರು. ನಾಯಿಯ ಶಿಸ್ತು ತೋರಿಸಲು ಕಾಕಾ ಸರಪಳಿ ಬಿಚ್ಚಿದ. ಮೋತಿ ನನ್ನ ಮೊಣಕಾಲಿಗೆ ತಾಗಿಕೊಂಡೇ ಹಿತ್ತಿಲು ದಾಟಿ, ಮನೆಯ ಹಿಂದಿನ ತೊಗರಿ ಹೊಲಕ್ಕೆ ನುಗ್ಗಿತು. ಮರಳಿ ಬಂದಾಗ ಅದರ ಬಾಯಲ್ಲಿ ಒಂದು ಕೌಜುಗ. ಅಲುಗಾಡದ ಆ ಹಕ್ಕಿಯನ್ನು ಪಡಸಾಲೆಯಲ್ಲಿ ಕಾಕಾನ ಪಾದದ ಬಳಿ ಮೆಲ್ಲನೆ ಇಟ್ಟು, ಬಾಲ ಆಡಿಸುತ್ತ ನಿಂತಿತು. ಅದು ಬಂದಾಗಿನಿಂದ ಅಷ್ಟು ಸುಮ್ಮನೆ ನಿಂತದ್ದನ್ನು ನಾನು ನೋಡಿರಲಿಲ್ಲ.

ಔರಾದಿನ ಹಿರಿಯರು ಕಾಲು ಮೇಲಕ್ಕೆಳೆದುಕೊಂಡರು. "ಲಿಂಗ ಕಟ್ಟಿದ ಮನ್ಯಾಗ ಇದೇನ್ರಿ?"

"ಹುಚ್ಚ ಹಿಡದದರಿ ಅದಕ. ಇವತ್ತೇ ಹೊರಗ ಹಾಕ್ತೇನ್ರಿ," ಎಂದ ಕಾಕಾ.

ಶರಣರಿಗೆ ಸೂತಕವಿಲ್ಲ ಎಂದು ದಿನವೂ ಹೇಳಿಕೊಳ್ಳುವ ಪಡಸಾಲೆ ಅದು. ಆದರೂ ಒಬ್ಬರೂ ಹಕ್ಕಿಯನ್ನು ಮುಟ್ಟಿ ನೋಡಲಿಲ್ಲ. ಆಯಿ ಅದನ್ನು ಮೊರದಲ್ಲಿ ಎತ್ತಿ ಹಿತ್ತಿಲಿಗೆ ತಂದು ಬುಟ್ಟಿ ಮುಚ್ಚಿದಳು. ಕಾಕಾ ಊಟವನ್ನೂ ಮಾಡದೆ, ಮೋತಿಯನ್ನು ಜೀಪಿಗೆ ಹಾಕಿಕೊಂಡು ಹೊರಟ.

ಜೀಪಿನ ಸದ್ದು ಅಡಗಿದ ಮೇಲೆ, ಹೂಳಲು ಕುಣಿ ತೋಡಿ ಆಯಿ ಬುಟ್ಟಿ ಎತ್ತಿದಳು. ಕೌಜುಗ ಎದ್ದು ನಿಂತಿತು. ಮೈ ಕೊಡವಿ, ಗೋಡೆಯವರೆಗೆ ಓಡಿ, ತೊಗರಿಯ ಕಡೆಗೆ ಹಾರಿತು. ಮೊರದಲ್ಲಿ ಒಂದು ಹನಿ ರಕ್ತ ಇರಲಿಲ್ಲ. ಹಲ್ಲು ಊರದೆ ಹಕ್ಕಿಯನ್ನು ತಂದು ಯಜಮಾನನಿಗೆ ಒಪ್ಪಿಸುವುದೇ ಆ ತಳಿಯ ಕೆಲಸ ಎಂಬುದು ನನಗೆ ಗೊತ್ತಾದದ್ದು ದೊಡ್ಡವನಾದ ಮೇಲೆ.

ಸಂಜೆ ಕಾಕಾ ಬರಿ ಸರಪಳಿ ಹಿಡಿದು ಬಂದ. ಎಕಂಬಾದ ಆಚೆ ರಸ್ತೆಯಲ್ಲಿ ಇಳಿಸಿದೆ ಎಂದ. ನಮ್ಮದೇ ಹೊಲಕ್ಕೆ ಒಯ್ಯುವಷ್ಟೂ ಅವನ ಬುದ್ಧಿ ಓಡಲಿಲ್ಲ. ಹಕ್ಕಿ ಹಾರಿತು ಎಂದೆ. "ಹಾರಿದ್ದು ನೋಡಿದವ್ರು ಯಾರಲೇ?" ಎಂದು ಸೋಫಾದ ಮೇಲೆ ಕೂತ.

ಆ ಮನೆ ಈಗಿಲ್ಲ, ಗೀರು ಬಿದ್ದ ಫರಸಿಯೂ ಇಲ್ಲ. ಕಾಕಾ ಮಾತ್ರ ಇದ್ದಾನೆ. ಮೊನ್ನೆ ಬೀದರಿನ ಮದುವೆಯೊಂದರಲ್ಲಿ ತಾನು ಸಾಕಿದ ಹುಚ್ಚು ನಾಯಿಯ ಕಥೆ ಹೇಳಿ ಪಂಕ್ತಿಯನ್ನೆಲ್ಲ ನಗಿಸಿದ. ಅವನ ಅಂದಿನ ಪ್ರಶ್ನೆಗೆ ಉತ್ತರ ಬರೆದಿಡುತ್ತೇನೆ. ಬುಟ್ಟಿ ಎತ್ತಿದ ಆಯಿ ನೋಡಿದಳು, ಅವಳೀಗ ಇಲ್ಲ. ಬಾಗಿಲಲ್ಲಿ ನಿಂತು ನಾನು ನೋಡಿದೆ. ಗೋಡೆಯಾಚೆ ಜೋಳ ಹಸನು ಮಾಡುತ್ತಿದ್ದ ನೆರೆಮನೆಯ ಶಾಂತಾಬಾಯಿ ನೋಡಿದರು. ಅವರೀಗ ಬೀದರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ನಾನು ಹೋದಾಗಲೆಲ್ಲ ಅವರು ಮೊದಲು ಕೇಳುವುದು ಇದನ್ನೇ: "ಮೋತಿ ಎಲ್ಯಾರ ಸಿಕ್ತೇನಪಾ?"